ಹಲ್ಲಿನ ಮೇಲಿನ ಬಿಳಿ ಗೆರೆ

೧೪ ಜೂನ್, ಭಾನುವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದಗಳು. ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ನೀನು ಫೋನ್ ಎತ್ತುವುದಿಲ್ಲವಲ್ಲ. ಈ ಕಾಗದ ತಡವಾಯಿತು. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟಿಳಿದರೆ ಅಳು ಬರುತ್ತಿತ್ತು.

ನನ್ನ ಸುದ್ದಿ ಏನಿದೆ? ಅದೇ ಲ್ಯಾಬು, ಅದೇ ಕಟ್ಟುಹಲ್ಲಿನ ಸೆಟ್ಟುಗಳು. ದಿನವಿಡೀ ಊರವರ ಹಲ್ಲುಗಳ ನಡುವೆ ಕೂತಿರುತ್ತೇನೆ, ಮಾತಾಡುವ ಬಾಯಿ ಮಾತ್ರ ಒಂದೂ ಇಲ್ಲ. ಮನೆಗೆ ಬಂದರೆ ಹಲ್ಲೂ ಇಲ್ಲ. ನಿನ್ನ ಮಗಳು, ನಮ್ಮ ಚಿನಕುರಳಿ, ಹತ್ತಿ ನಿಂತು ಹಲ್ಲುಜ್ಜುತ್ತಿದ್ದ ಸ್ಟೂಲು ಬೇಸಿನ್ನಿನ ಕೆಳಗೇ ಇದೆ. ದಿನವೂ ಕಾಲಿಗೆ ತಗಲುತ್ತದೆ, ಎತ್ತಿಡಲು ಮನಸ್ಸು ಬರುವುದಿಲ್ಲ.

ಕೊನೆಯ ಸಲ ನೀನು ಹೇಳಿದ್ದು ಕಿವಿಯಲ್ಲೇ ಇದೆ. ಅವಳ ಹೊಸ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ತೆಳು ಗೆರೆಗಳು ಬಂದಿವೆ, ಚಿಕ್ಕಂದಿನಲ್ಲಿ ಪೇಸ್ಟು ನುಂಗಿದ್ದರಿಂದ ಹಾಗಾಯಿತೆಂದು ಅಲ್ಲಿನ ಡಾಕ್ಟರು ಹೇಳಿದರು ಎಂದೆ. "ನಾಲ್ಕು ವರ್ಷ ನಿನ್ನ ಹತ್ರ ಬಿಟ್ಟಿದ್ದಕ್ಕೆ ಇದೇನಾ ಅಕ್ಕ ನೀನು ನೋಡ್ಕೊಂಡಿದ್ದು?" ಎಂದು ಫೋನ್ ಇಟ್ಟುಬಿಟ್ಟೆ.

ನಮ್ಮ ಲ್ಯಾಬಿಗೆ ಕೆಲಸ ಕೊಡುವ ಹಲ್ಲಿನ ಡಾಕ್ಟರಮ್ಮನನ್ನು ಕೇಳಿದೆ. ಹೌದಂತೆ. ಒಸಡಿನೊಳಗೆ ಹಲ್ಲು ತಯಾರಾಗುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚು ಹೊಟ್ಟೆಗೆ ಹೋದರೆ ಹೀಗಾಗುತ್ತದಂತೆ. ಆಗ ಅಕ್ಕಿಕಾಳಿನಷ್ಟು ಪೇಸ್ಟು ಸಾಕಿತ್ತು. ನಾನು ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಉದ್ದಕ್ಕೂ ಹಚ್ಚುತ್ತಿದ್ದೆ, ಹಣ್ಣಿನ ರುಚಿಯದು ಬೇರೆ. ಅದರ ಮೇಲೆ ನಮ್ಮ ಮನೆಯ ಪಾಠ ಒಂದಿತ್ತಲ್ಲ, ಬಾಯಿಗಿಟ್ಟದ್ದನ್ನು ಉಗುಳಬಾರದು ಎಂದು. ಅಮ್ಮ ಊಟದ ಹೊತ್ತಿಗೆ ನಮಗೆ ಹೇಳುತ್ತಿದ್ದದ್ದನ್ನೇ ನಾನು ಅವಳಿಗೆ ಹೇಳಿದ್ದೆ. ಪೇಸ್ಟು ಉಗುಳು ಎಂದರೆ, "ಉಗುಳಬಾರ್ದು ಅಂದಿದ್ದೆಯಲ್ಲ ದೊಡ್ಡಮ್ಮ" ಎಂದು ಗುಟುಕ್ಕನೆ ನುಂಗುತ್ತಿದ್ದಳು. ನಾನು ಅವಳ ಜಾಣತನಕ್ಕೆ ನಕ್ಕು ಸುಮ್ಮನಾಗುತ್ತಿದ್ದೆ.

ಆದರೆ ಒಂದು ಮಾತು ಕೇಳು. ಅಂಥ ತೆಳು ಗೆರೆಗಳಿಂದ ನೋವಿಲ್ಲ, ಹಲ್ಲಿಗೆ ಕೇಡೂ ಇಲ್ಲ, ಬರಬರುತ್ತಾ ಮಾಸಲೂಬಹುದು ಎಂದರು ಡಾಕ್ಟರಮ್ಮ. ನೀನು ಆ ಹಲ್ಲುಗಳನ್ನು ತೇಯಿಸಿ ಕ್ಯಾಪ್ ಹಾಕಿಸಲು ಹೊರಟಿದ್ದೀಯೆಂದು ನಿಮ್ಮ ಯಜಮಾನರು ಹೇಳಿದರು. ಅಂಥ ಕ್ಯಾಪು ಮಾಡುವವಳೇ ನಾನು. ತೇಯ್ದ ಹಲ್ಲಿನ ಅಚ್ಚು ನನ್ನ ಮೇಜಿಗೆ ಬರುತ್ತದೆ, ಗಟ್ಟಿಮುಟ್ಟಾದ ಹಲ್ಲು ಮೊಳೆಯಷ್ಟಾಗಿರುತ್ತದೆ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ ಕಣೇ, ಅವಳಿಗಿನ್ನೂ ಎಂಟು ವರ್ಷ. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ಹೆದರಿ ಪೇಸ್ಟನ್ನೇ ನಿಲ್ಲಿಸಿದ್ದೀಯಂತೆ. ಅದೂ ಬೇಡ, ಹುಳುಕು ಹಿಡಿದೀತು. ಬಟಾಣಿಯಷ್ಟು ಹಚ್ಚಿ, ಉಗುಳುವವರೆಗೆ ಪಕ್ಕದಲ್ಲೇ ನಿಲ್ಲು.

ಚಿನಕುರಳಿಗೆ ನನ್ನ ಮುತ್ತು. ನಿಮ್ಮೆಲ್ಲರಿಗೂ ಕೊನೆತನಕ ಹಲ್ಲೂ ಇರಲಿ, ಕಡಲೆಯೂ ಇರಲಿ.

ನಿನ್ನ
ಅಕ್ಕ

ಮರೆತಿದ್ದೆ: ನಿಮ್ಮ ಯಜಮಾನರು ಅವಳ ಹುಟ್ಟುಹಬ್ಬದ ಫೋಟೋ ಕಳಿಸಿದ್ದರು. ನಗುತ್ತಿದ್ದಾಳೆಂದು ಕಣ್ಣು ನೋಡಿ ತಿಳಿಯಬೇಕು, ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದಾಳೆ. ಇಲ್ಲಿದ್ದಾಗ ಮೊದಲ ಹಲ್ಲು ಬಿದ್ದ ದಿನ ಬೀದಿಯವರಿಗೆಲ್ಲ ಬಾಯಿ ತೆರೆದು ತೋರಿಸಿ ಬಂದವಳು ಅವಳು. ನೀನು ನನ್ನನ್ನು ಕ್ಷಮಿಸದಿದ್ದರೆ ಬೇಡ, ರಜೆಗೆ ಅವಳನ್ನು ಕಳಿಸದಿದ್ದರೂ ಬೇಡ. ಆ ಕೈಯೊಂದನ್ನು ಕೆಳಗಿಳಿಸು.