ನಾಲ್ಕು ಗಂಟೆಯ ಕೊಡ

ಗಂಗಾ,

ನೀನು ಮೊಣಕಾಲು ನೋವೆಂದು ಸುರೇಬಾನಕ್ಕೆ ಹೋದಮೇಲೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು ನಾನೊಬ್ಬಳೇ. ಇವತ್ತು ದಿನದ ಉಳಿತಾಯದ ದುಡ್ಡು ಕೂಡಿಸಿಕೊಂಡು ಹೋಗುವ ಪಿಗ್ಮಿ ವಸೂಲಿಯ ಕಲ್ಮೇಶ ಒಲೆಯ ಹತ್ತಿರ ಬಂದು ನಿಂತ.

"ಗುರವ್ವಕ್ಕ, ಗಂಗಕ್ಕ ಪಿಗ್ಮಿ ಬಿಡಿಸಿ ಠೇವಣಿ ಇಟ್ರು. ಇನ್ನ ತಿಂಗಳಾ ಬಡ್ಡಿ ಬರತೈತಿ. ಇಪ್ಪತ್ತೆರಡು ವರ್ಷ ದಿನಾ ನಾಕಕ್ಕ ಹಿತ್ತಲಾಗ ಬಂದು ಕೊಡತಿದ್ರು. ನೀವರ ಯಾವಾಗ ಚಾಲೂ ಮಾಡ್ತೀರಿ?"

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು.

ನನ್ನ ಮೂವತ್ತೈದನೇ ವಯಸ್ಸಿನಲ್ಲಿ ಅವನು ಮೊದಲ ಸಲ ಕೇಳಿದಾಗ "ಹುಡುಗರ ಸಾಲಿ ಮುಗೀಲಿ" ಎಂದು ಇಬ್ಬರ ಪರವಾಗಿಯೂ ಹೇಳಿದವಳು ನೀನು. ನಲವತ್ತೈದರಲ್ಲಿ "ಮಗಳ ಮದುವಿ ಆಗ್ಲಿ" ಎಂದವಳೂ ನೀನೇ. ಐವತ್ತು ದಾಟಿದಾಗ "ಕೈಯಾಗ ಕಸುವೈತಿ, ಮುಪ್ಪಿನ ಚಿಂತಿ ಈಗ್ಯಾಕ ಬೇ?" ಎಂದು ನೀನು ನಕ್ಕಾಗ ನಾನೂ ನಕ್ಕಿದ್ದೆ.

ಹಂಡೆ ತುಂಬಿದ್ದರೂ ನಾಲ್ಕಕ್ಕೆ ನೀರು ತರುತ್ತೇನೆಂದು ಕೊಡ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆಯಲ್ಲ. ಪಾಪ, ಬೆನ್ನು ನೆಟ್ಟಗೆ ಮಾಡಿಕೊಳ್ಳಲಿಕ್ಕೆ ಒಂದು ನೆವ ಎಂದುಕೊಂಡು ನಿನ್ನ ಪಾಲಿನ ರೊಟ್ಟಿಯನ್ನೂ ಅಷ್ಟು ಹೊತ್ತು ನಾನೇ ಬಡಿಯುತ್ತಿದ್ದೆ. ನೀನು ಉಳಿಸಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಒಂದು ದಿನವಾದರೂ "ನೀನೂ ಬಾ" ಎನ್ನಲಿಲ್ಲ ನೀನು.

ಐವತ್ತೇಳಕ್ಕೆ ನಾನೂ ಇವತ್ತು ಶುರು ಮಾಡಿದೆ, ದಿನಕ್ಕೆ ಐವತ್ತು ರೂಪಾಯಿ. ಹಿತ್ತಲಿಗೆ ಹೋಗದೆ ಎಲ್ಲರ ಎದುರಿಗೇ ಕೊಟ್ಟೆ. ಫಾರ್ಮು ತುಂಬುತ್ತ ಕಲ್ಮೇಶ ಕೇಳಿದ: "ನಿಮ್ಮ ಹಿಂದ ಈ ರೊಕ್ಕ ಯಾರಿಗೆ ಸೇರಬೇಕ್ರಿ? ಹೆಸರು ಹೇಳ್ರಿ."

ಮಗಳ ಹೆಸರಿಗಿಂತ ಮೊದಲು ನಿನ್ನ ಹೆಸರು ಬಾಯಿಗೆ ಬಂತು.

ನುಂಗಿಕೊಂಡೆ.

ಗುರವ್ವ