ಬಂತು ಎಂದ ಮೇಲೆ ಬಾರದ ಸೀನು

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಹನ್ನೆರಡನೇ ತಾರೀಕು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಸೊಂಟನೋವು ಕಡಿಮೆಯಾಯಿತೇ? ಗುಂಡನಿಗೆ ಐದು ತಿಂಗಳು ತುಂಬಿತಲ್ಲ, ಈಗ ಮಗುಚಿಕೊಳ್ಳುತ್ತಾನೆಯೇ? ಭಾವ ಅವನನ್ನು ಎತ್ತಿಕೊಳ್ಳಲು ಇನ್ನೂ ಹೆದರುತ್ತಾರೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಫೋನು ಹಿಡಿದರೆ ನನಗೆ ಮಾತೇ ಹೊರಡುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಈ ಕಾಗದ.

ಅಣ್ಣ ಯುದ್ಧದಿಂದ ಬಂದ ಹೊಸದರಲ್ಲಿ ನೀನು ಏಳು ತಿಂಗಳ ಬಸುರಿ. ನಿನ್ನ ಕೈಯಿಂದ ಸ್ಟೀಲ್ ತಟ್ಟೆಗಳು ಜಾರಿ ಬಿದ್ದದ್ದು, ಆ ಸದ್ದಿಗೆ ಅವನು ನಿನ್ನನ್ನು ನೆಲಕ್ಕೆ ಎಳೆದು ನಿನಗೆ ಮರೆಯಾಗಿ ಬಿದ್ದದ್ದು, ಆಮೇಲೆ ಎದ್ದು ತನ್ನ ಕೈಗಳನ್ನೇ ನೋಡುತ್ತ ಗೋಡೆಗೆ ಒರಗಿ ನಿಂತದ್ದು, ಯಾವುದನ್ನೂ ನಾನು ಮರೆತಿಲ್ಲ. ನಿನ್ನನ್ನು ಕಾಪಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ನೀನು ಮತ್ತೆ ಈ ಕಡೆ ಬರದಿದ್ದುದಕ್ಕೆ ಇಲ್ಲಿ ಯಾರಿಗೂ ಬೇಸರವಿಲ್ಲ. ಅಣ್ಣನಂತೂ "ಅಕ್ಕ ಮಾಡಿದ್ದೇ ಸರಿ" ಅಂದುಬಿಟ್ಟ. ಗುಂಡನ ಫೋಟೊ ಮಾತ್ರ ಅವನ ಅಂಗಿಯ ಜೇಬಿನಲ್ಲೇ ಇರುತ್ತದೆ. ಅಂಗಿ ಬದಲಾದರೆ ಅದೂ ಜೇಬು ಬದಲಾಯಿಸುತ್ತದೆ.

ಆಗ ಅಪ್ಪ ಸುತ್ತಿಗೆಯನ್ನೇ ಕೆಳಗಿಟ್ಟುಬಿಟ್ಟಿದ್ದ. ತಗಡಿನ ಟ್ರಂಕು ಮಾಡುವವನು ಸುತ್ತಿಗೆ ಇಲ್ಲದೆ ಏನು ಮಾಡುತ್ತಾನೆ? ಹಳೆಯ ಟ್ರಂಕುಗಳಿಗೆ ಬೆಸುಗೆ ಹಾಕಿಕೊಂಡು ಕೂತಿದ್ದ. ಮುಚ್ಚಳದ ಮೇಲೆ ಹೂ ಬರೆಯಲು ಹೊಸ ಟ್ರಂಕು ಇಲ್ಲದೆ ನನ್ನ ಬಣ್ಣದ ಡಬ್ಬಿಗಳು ಒಣಗಿಹೋದವು. ಅಣ್ಣ ವಾರಕ್ಕೊಮ್ಮೆ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗುತ್ತಾನೆ. ಗುಳಿಗೆ ಕೊಡದೆ ಬರೀ ಮಾತಾಡಿಸುತ್ತಾರೆಂದು ಅಪ್ಪ ಅವರಿಗೆ ಮಾತಿನ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದಾನೆ. ಒಮ್ಮೆ ಅವರು ನಮ್ಮನ್ನೂ ಕರೆಸಿ, "ಶಬ್ದಕ್ಕಿಂತ ಅದು ಇದ್ದಕ್ಕಿದ್ದ ಹಾಗೆ ಬರೋದು ಇವರಿಗೆ ಕಷ್ಟ. ಮೊದಲೇ ಹೇಳಿ ನೋಡಿ" ಅಂದರು.

ಅಪ್ಪನಿಗೆ ಅಷ್ಟು ಸಾಕಾಯಿತು. ಮರುದಿನವೇ ಸುತ್ತಿಗೆ ಎತ್ತಿ, ಅಂಗಡಿ ಅದುರುವಂತೆ "ಹೊಡೀತೀನಿ" ಎಂದು ಕೂಗಿದ. ಚಿಲಕ ಸರಿಮಾಡಿಸಲು ಬಂದಿದ್ದ ಬಡಪಾಯಿ ಗಿರಾಕಿ ಎದುರಿಗೇ ನಿಂತಿದ್ದ. ಒಂದು ಚಪ್ಪಲಿ ಬಿಟ್ಟು ಓಡಿದ. ಪಾಪ, ಕೊಟ್ಟು ಬರೋಣವೆಂದು ಅಮ್ಮ ಆ ಚಪ್ಪಲಿ ಹಿಡಿದು ಹಿಂದೆ ಓಡಿದಳು. ಅವಳ ಕೈಯಲ್ಲಿ ಚಪ್ಪಲಿ ನೋಡಿ ಅವನು ಇನ್ನೂ ಜೋರಾಗಿ ಓಡಿದ.

ಅಂದೇ ಮಾತು ಬದಲಾಯಿತು. ಈಗ ನಾವು "ಬಂತು" ಅನ್ನುತ್ತೇವೆ. ಅಮ್ಮ ಪಾತ್ರೆ ತೊಳೆಯಲು ಕೂತರೆ ಬಂತು, ನಾನು ಬಾಗಿಲು ಹಾಕಿದರೆ ಬಂತು. ಪಕ್ಕದ ಅಂಗಡಿಯ ದರ್ಜಿ ಶಟರ್ ಎಳೆಯುವ ಮುಂಚೆ "ಬಂತು ಕಣಪ್ಪಾ" ಅನ್ನುತ್ತಾರೆ. ಹಾಲಿನವನು ಕ್ಯಾನು ಇಳಿಸುವಾಗಲೂ ಹೇಳುತ್ತಾನೆ. ಹೊಸದಾಗಿ ಬಂದ ಬಾಡಿಗೆಯವರು ಅದು ಅವನ ಹೆಸರೆಂದೇ ತಿಳಿದು, "ಬಂತಣ್ಣಾ, ಅರ್ಧ ಲೀಟರ್" ಎಂದು ಕರೆಯುತ್ತಾರೆ. ಅವನೂ ಓಗೊಡುತ್ತಾನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಪ್ಪನ ಸೀನು ಹೇಗೆಂದು ನಿನಗೆ ಹೇಳಬೇಕಿಲ್ಲ, ಬೆಕ್ಕು ಮನೆ ಬಿಟ್ಟು ಹೋಗಿ ಸಂಜೆಗೆ ಬರುತ್ತದೆ. ಅವನು ಮೂಗು ಮೇಲೆತ್ತಿ "ಬಂತು" ಅಂದ. ಅಣ್ಣ ತುತ್ತು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡ. ನಾವು ತಟ್ಟೆ ಹಿಡಿದುಕೊಂಡೆವು. "ಬಂತು, ಬಂತು" ಅಂದ ಅಪ್ಪ. ಬಾಯಿ ತೆರೆದೇ ಇತ್ತು. ಸೀನು ಬರಲಿಲ್ಲ. ಸುಮಾರು ಹೊತ್ತಾದ ಮೇಲೆ ಅಣ್ಣ ಒಂದು ಕಿವಿಯಿಂದ ಕೈ ತೆಗೆದು, "ಅಪ್ಪಾ, ಎಲ್ಲಿಗೆ ಹೋಯ್ತು?" ಎಂದು ಕೇಳಿದ. ಅಪ್ಪ ತುಂಬ ಬೇಜಾರಿನಿಂದ "ಗೊತ್ತಿಲ್ಲ ಕಣೋ" ಅಂದ. ಅಣ್ಣ ನಕ್ಕ, ಅಕ್ಕಾ. ಅವನ ಹಳೆಯ ನಗು, ನಡುನಡುವೆ ಮೂಗಿನಿಂದ ಗೊರ್ ಅನ್ನುವುದು. ತುತ್ತು ನೆತ್ತಿಗೇರಿ ಅಮ್ಮ ತಲೆ ತಟ್ಟುವವರೆಗೆ ನಕ್ಕ. ಆ ಗಲಾಟೆಯಲ್ಲೇ ಅಪ್ಪ ಹೇಳದೆ ಕೇಳದೆ ಸೀನಿಬಿಟ್ಟ. ಅಣ್ಣನ ಭುಜ ಅದುರಿತು, ಅಷ್ಟೇ. ನಗು ನಿಲ್ಲಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಅವನು ಮೇಜಿನ ಕೆಳಗೆ ಹೋಗಿ ಕೂರುತ್ತಾನೆ. ಮೊದಲಾದರೆ ಅಮ್ಮ ಎದ್ದು ಬಾ ಎಂದು ಅಳುತ್ತಿದ್ದಳು. ಈಗ ಬೀನ್ಸ್ ಬುಟ್ಟಿ ತಂದು ಪಕ್ಕದಲ್ಲಿ ನೆಲದ ಮೇಲೆ ಕೂತು ನಾರು ತೆಗೆಯುತ್ತಾಳೆ. ಸ್ವಲ್ಪ ಹೊತ್ತಿಗೆ ಒಂದು ಕೈ ಈಚೆ ಬಂದು ಒಂದು ಹಿಡಿ ಬೀನ್ಸ್ ಒಳಗೆ ತೆಗೆದುಕೊಳ್ಳುತ್ತದೆ. ಗುರುವಾರ ಯುದ್ಧದಿಂದ ಮರಳಿದವರೆಲ್ಲ ಒಂದು ಕಡೆ ಸೇರುತ್ತಾರೆ. ಅಲ್ಲಿ ಪೂರ್ತಿ ಕಿವುಡಾದ, ಸೈನ್ಯದಲ್ಲಿ ಅಡುಗೆ ಮಾಡುತ್ತಿದ್ದವರೊಬ್ಬರು ಇದ್ದಾರೆ. ಅವರು, "ನೀನೇ ವಾಸಿ ಕಣೋ, ಶಬ್ದ ಕೇಳಿ ಬೆಚ್ಚಿ ಬೀಳ್ತೀಯ. ನಾನು ಏನೂ ಕೇಳಿಸದೇ ಬೆಚ್ಚಿ ಬೀಳ್ತೀನಿ" ಅಂದರಂತೆ. ಅಣ್ಣ ಇದನ್ನು ನಮಗೆ ಮೂರು ಸಲ ಹೇಳಿದ. ಮೂರು ಸಲವೂ ನಕ್ಕೆವು.

ಈ ವಾರ ಅವನೇ ಸುತ್ತಿಗೆ ಹಿಡಿದ. ಗುಂಡನ ಬಟ್ಟೆಗೆಂದು ಒಂದು ಪುಟ್ಟ ಟ್ರಂಕು. ಮೊದಲ ದಿನ ಒಂದೊಂದು ಏಟಿಗೂ ಮುಂಚೆ ತನಗೆ ತಾನೇ ಮೆಲ್ಲಗೆ "ಬಂತು" ಅಂದುಕೊಳ್ಳುತ್ತಿದ್ದ. ಮೂರನೇ ದಿನ ನಾನು ಇಲ್ಲಿ ಕೂತು ಕಿವಿಗೊಟ್ಟು ಕೇಳಿದೆ. ಬರೀ ಸುತ್ತಿಗೆಯ ಶಬ್ದ. ಮುಚ್ಚಳದ ಮೇಲೆ ಹಳದಿ ಬಾತುಕೋಳಿ ಬರೆದಿದ್ದೇನೆ. ಅಪ್ಪ ಅದನ್ನು ನಿಂಬೆಹಣ್ಣು ಅನ್ನುತ್ತಾನೆ.

ಹೊತ್ತು ಹೊತ್ತಿಗೆ ಉಣ್ಣಬೇಕೆಂದು ಅಮ್ಮ ಹೇಳಿದ್ದಾಳೆ. ಭಾವನಿಗೆ ನಮಸ್ಕಾರ. ಗುಂಡನ ಎರಡು ಕೆನ್ನೆಗೂ ನನ್ನದೊಂದೊಂದು ಮುತ್ತು, ಮೂಗಿಗೆ ಅಪ್ಪನದು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಬೈಯಬೇಡ. ನಿನ್ನ ಹೋದ ಸಲದ ಕಾಗದವನ್ನು ಎಲ್ಲರಿಗೂ ಓದಿ ಹೇಳುವಾಗ, ಗುಂಡ ಹಸಿವಾದರೆ ಬೀದಿಗೆಲ್ಲ ಕೇಳುವಂತೆ ಚೀರುತ್ತಾನೆ, ಅವನನ್ನು ಅಲ್ಲಿಗೆ ಹೇಗೆ ಕರೆತರಲಿ ಎಂದು ನನಗೊಬ್ಬಳಿಗೇ ಬರೆದಿದ್ದ ಸಾಲನ್ನೂ ಓದಿಬಿಟ್ಟೆ. ಅಣ್ಣ ಎದ್ದು ಅಂಗಡಿಗೆ ಹೋದ. ಟ್ರಂಕು ಶುರುವಾದದ್ದು ಅವತ್ತೇ. ಈಗ ಲಕೋಟೆ ಅಂಟಿಸುವಾಗ ಬಂದು, ಇದನ್ನೂ ಸೇರಿಸು ಅಂದ. ಅವನ ಮಾತಲ್ಲೇ ಬರೆಯುತ್ತೇನೆ: "ಅಕ್ಕನಿಗೆ ಬರಿ. ಬರೋಕೆ ಒಂದು ದಿನ ಮುಂಚೆ ತಿಳಿಸಿದ್ರೆ ಸಾಕು. ನಾನು ಬೆಚ್ಚಿದ್ರೆ ಮೇಜಿನ ಕೆಳಗೆ ಜಾಗ ಇದೆ, ಅಮ್ಮನ ಹತ್ರ ಬೀನ್ಸ್ ಇದೆ. ಗುಂಡ ಮಾತ್ರ ಬಂತು ಅನ್ನದೇನೇ ಅಳಬಹುದು."