ಬೆಕ್ಕಿಗೆ ಜೋಳ ತಿನ್ನಿಸಿದ ಮಹಾಶರಣನಿಗೆ

ಪ್ರಭು,

ಬಂದ ತಕ್ಷಣ ಬೆಳ್ಳಿಯನ್ನು ಮನೆಯೆಲ್ಲ ಹುಡುಕಬೇಡ. ಬೆಳಿಗ್ಗೆ ಕಿಟಕಿ ಹತ್ತಲು ಹೋಗಿ ಬಿದ್ದಳು. ಆಮೇಲೆ ಹಿಂಗಾಲು ಎಳೆದುಕೊಂಡೇ ನಡೆದಳು. ಕುಮಾರ ಪಾರ್ಕಿನ ಡಾಕ್ಟರಿಗೆ ತೋರಿಸಿದೆ. ಸಕ್ಕರೆ ಕಾಯಿಲೆಯಂತೆ, ಅಲ್ಲೇ ಇಟ್ಟುಕೊಂಡಿದ್ದಾರೆ. ಅವಳ ಹಾಸಿಗೆ ಒಯ್ಯಲು ಬಂದಿದ್ದೆ, ಮತ್ತೆ ಹೊರಟೆ.

"ಏನ್ ತಿನ್ನಿಸ್ತಿದೀರಾ?" ಎಂದು ಕೇಳಿದರು. ನೀನು ತರುವ ಪೊಟ್ಟಣ ತೋರಿಸಿದೆ. ಓದಿ ತಲೆ ಆಡಿಸಿದರು. "ಬರೀ ಮೆಕ್ಕೆಜೋಳ, ಅಕ್ಕಿ, ಗೋಧಿ. ಬೆಕ್ಕಿಗೆ ಬೇಕಾಗಿರೋದು ಮಾಂಸ ಕಣಮ್ಮ. ಇದನ್ನ ತಿಂದು ತಿಂದು ಊದ್ಕೊಂಡಿದೆ."

ಮನೆಗೆ ಮಾಂಸ ಬರಬಾರದೆಂದು ಊರೆಲ್ಲ ಹುಡುಕಿ ಸಸ್ಯಾಹಾರಿ ಕಾಳು ತಂದವನು ನೀನು. ಅವಳು ಹಲ್ಲಿ ಹಿಡಿದರೂ ಬಾಯಿಂದ ಕಿತ್ತೆಸೆದೆ. ಬಂದವರೆದುರು ಅವಳ ಹೊಟ್ಟೆ ತಟ್ಟಿ, "ನಮ್ಮನೆ ಬೆಕ್ಕು ಶಿವಶರಣೆ, ನೋಡಿ ಎಷ್ಟು ಪುಷ್ಟಿಯಾಗಿದೆ" ಎಂದು ಬೀಗುತ್ತಿದ್ದೆ. ನಿನ್ನ ಪುಣ್ಯ ಸಂಪಾದನೆಗೆ ಆ ಮೂಕಪ್ರಾಣಿಯ ಹೊಟ್ಟೆಯೇ ಬೇಕಾಗಿತ್ತೇನೋ?

ಮಿಕ್ಕ ಕಾಳನ್ನು ಕಸಕ್ಕೆ ಹಾಕು. ಧರ್ಮ ಅಂತ ಬೀದಿ ಬೆಕ್ಕುಗಳಿಗೆ ಸುರಿಯಬೇಡ.

ಅಟ್ಟದ ಮೇಲಿನ ಹಳೇ ಸ್ಟೌ ಇಳಿಸಿ ಹಿತ್ತಲಲ್ಲಿಡು. ಕೋಳಿ ನಾನು ಬೇಯಿಸುತ್ತೇನೆ. ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಪೂಜೆ ಮಾಡು.

ಸಾರು ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಂಡು ಉಣ್ಣು.

ಊಟ ಬದಲಾಯಿಸಿ ದಿನಾ ಇನ್ಸುಲಿನ್ ಚುಚ್ಚಿದರೆ ಬದುಕಿಕೊಳ್ಳುತ್ತಾಳಂತೆ. ಚುಚ್ಚುವುದನ್ನು ನೀನೇ ಕಲಿಯಬೇಕು. ನಾನು ಹಿಡಿದರೆ ಪರಚುತ್ತಾಳೆ. ಆ ದಡ್ಡಿ ಇವತ್ತಿಗೂ ನಂಬುವುದು ನಿನ್ನ ಕೈಯನ್ನೇ.

ಅಕ್ಕ